ಎಡಬದಿಯ ಪೆದ್ದಮ್ಮ

ನಮ್ಮ ಪಕ್ಕದ ಮನೆಯ ಗುರುಸ್ವಾಮಿ ನೇಯ್ದ ಸೀರೆ ಎಂದರೆ ಮೊಳಕಾಲ್ಮುರಿನ ವ್ಯಾಪಾರಿಗಳು ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಾರೆ. ಅದರಲ್ಲಿ ಅರ್ಧ ಅವನ ಹೆಂಡತಿ ಪೆದ್ದಮ್ಮನದು ಎಂದು ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಸೀರೆಗೆ ಇಬ್ಬರು ಬೇಕು. ಗಂಡ ಮಗ್ಗದಲ್ಲಿ ಕೂತು ನೇಯ್ದರೆ, ಹೆಂಡತಿ ಎಡಬದಿಯಲ್ಲಿ ಕೂತು ಅಂಚಿನ ನೂಲಿನ ಲಾಳಿ ಎಸೆಯಬೇಕು. ಮದುವೆಯಾಗಿ ಬಂದಂದಿನಿಂದ ಪೆದ್ದಮ್ಮನ ಜಾಗ ಅದೇ. ತಾನೇ ಒಂದು ಸೀರೆ ನೇಯಬೇಕೆಂಬುದು ಅವಳ ಹಳೆಯ ಆಸೆ. ಮಾವನ ಮಗ್ಗ ಒಳಮನೆಯಲ್ಲಿ ಖಾಲಿ ಬಿದ್ದಿತ್ತು. ಆದರೆ ಅವಳ ಎಡಕ್ಕೆ ಕೂರುವವರು ಯಾರು?

ಮಗಳು ದಿವ್ಯಶ್ರೀ ಚಳ್ಳಕೆರೆಯ ತಾಂತ್ರಿಕ ಕಾಲೇಜು ಸೇರಿದಳು. ದಿಲ್ಲಿಯಲ್ಲಿ ಮಾಡಿದ ಆವಿಷ್ಕಾರ ನೀತಿ ನಮ್ಮ ಕಡೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಬರೀ ಬ್ಯಾನರ್ ಆಗಿರುತ್ತದೆ. ಈ ಸಲ ಪುಣ್ಯಕ್ಕೆ ಸ್ವಲ್ಪ ಅನುದಾನವೂ ಬಂತು. ಊರ ಕಸುಬಿಗೆ ಆಗುವಂಥದ್ದೇನಾದರೂ ಮಾಡಿ ಎಂದರು ಮೇಷ್ಟ್ರು ಶಶಿಕಾಂತ್. ಅಂಚಿನ ಲಾಳಿಯನ್ನು ಎಸೆಯುವ ಪುಟ್ಟ ಯಂತ್ರ ಮಾಡಿ ದಿವ್ಯಶ್ರೀ ಅಪ್ಪನ ಮಗ್ಗಕ್ಕೆ ಕೂರಿಸಿದಳು. ಚೆನ್ನಾಗಿಯೇ ಓಡಿತು.

ಅನುದಾನದ ಕೆಲಸ ನೋಡಲು ಬರುವ ಸಮಿತಿಯವರಿಗೆ ಹೇಳಬೇಕಾದ್ದನ್ನು ಅವಳು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು: ಇದರಿಂದ ಒಂದು ಆಳು ಉಳಿತಾಯ. ರೇಷ್ಮೆ ಸುತ್ತುತ್ತಿದ್ದ ಪೆದ್ದಮ್ಮ ತಲೆಯೆತ್ತಿದಳು.

"ಆ ಆಳು ನಾನೇ ಅಲ್ಲೇನೇ? ಉಳಿದ್ ಮೇಲೆ ನನಗೇನು ಕೆಲಸ ಐತೆ ಅಂತ ನಿಮ್ ಕಾಲೇಜಲ್ಲಿ ಹೇಳ್ಯಾರಾ?"

ಮಾವನ ಮಗ್ಗಕ್ಕೆ ಹಾಸಿನ ನೂಲು ಹೂಡಿ ಇಟ್ಟಿದ್ದೇನೆ, ಇನ್ನೊಂದು ಯಂತ್ರ ಮಾಡಿಕೊಡು ಎಂದಳು ತಾಯಿ. ಅನುದಾನ ಇದ್ದದ್ದು ಒಂದಕ್ಕೇ. ಪೆದ್ದಮ್ಮ ಮತ್ತೆ ಆ ಮಾತೆತ್ತಲಿಲ್ಲ. ಗುರುಸ್ವಾಮಿ ಎಲ್ಲ ಕೇಳಿಸಿಕೊಂಡಿದ್ದ.

ಸಮಿತಿ ಬರುವ ದಿನ ಬೆಳಿಗ್ಗೆ ಶಶಿಕಾಂತ್ ಮುಂಚೆಯೇ ಬಂದರು. ನೋಡಿದರೆ ಗುರುಸ್ವಾಮಿ ತನ್ನ ಮಗ್ಗದ ಯಂತ್ರ ಬಿಚ್ಚಿ ಒಳಮನೆಯ ಮಗ್ಗಕ್ಕೆ ಬಿಗಿಯುತ್ತಿದ್ದಾನೆ. ಮೇಷ್ಟ್ರು ಗಾಬರಿಯಾಗಿ, ನಿಮ್ಮ ನೇಯ್ಗೆ ಏನಾಗಬೇಕು ಎಂದು ಕೇಳಿದರು.

"ನಂಗೆ ಒಂದೇ ಬಣ್ಣದ ಸೀರೆ ಸಾಕು ಸಾರ್. ಅದಕ್ಕೆ ಜೊತೆ ಬೇಕಾಗಲ್ಲ."

ಅಂಥ ಸೀರೆಗೆ ಕೂಲಿಯೂ ಕಡಿಮೆ, ಹೆಸರೂ ಕಡಿಮೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆ ಮನುಷ್ಯನ ಮೇಲೆ ಅವತ್ತು ನನಗೆ ಬಂದ ಪ್ರೀತಿ ಇನ್ನೂ ಹೋಗಿಲ್ಲ.

ಸಮಿತಿಯವರು ಬರುವ ಹೊತ್ತಿಗೆ ಪೆದ್ದಮ್ಮ ಮಗ್ಗದಲ್ಲಿ ಕೂತು ನಾಲ್ಕು ಬೆರಳಗಲ ನೇಯ್ದಿದ್ದಳು. ಒಡಲೂ ಅಂಚೂ ಸೇರುವ ಕಡೆ ಎಲ್ಲೂ ಬಿಟ್ಟುಕೊಂಡಿರಲಿಲ್ಲ. ಹಿರಿಯ ಸದಸ್ಯರೊಬ್ಬರು ಬಗ್ಗಿ ನೋಡಿ, ಎಷ್ಟು ವರ್ಷದಿಂದ ನೇಯುತ್ತಿದ್ದೀರಮ್ಮ ಎಂದು ಕೇಳಿದರು.

"ಇವತ್ತಿಂದ ಸಾರ್," ಎಂದಳು ಪೆದ್ದಮ್ಮ.