ದೊಡ್ಡವ್ವನ ಒಲೆಯ ಹೊಗೆ

ನನ್ನ ಬಲಗೈಯ ತೋರುಬೆರಳು ನೋಡಿಕೊಂಡರೆ ಈಗಲೂ ಹೇಸಿಗೆಯಾಗುತ್ತದೆ. ಬಚ್ಚಲಿನ ಹಂಡೆಯ ತಳದ ಮಸಿಯನ್ನು ಆ ಬೆರಳಿಗೆ ಹತ್ತಿಸಿಕೊಂಡು, ಎರಡೇ ಎರಡು ಸಲ ಉರಿದಿದ್ದ ಒಲೆಯೊಂದಕ್ಕೆ ಬಳಿದವಳು ನಾನು. ಯಾರೂ ಕತ್ತು ಹಿಡಿದು ಮಾಡಿಸಲಿಲ್ಲ. ತಿಂಗಳಾದರೆ ಸಂಬಳ ಬರುತ್ತಿತ್ತು, ಮಾಡಿದೆ.

ಕೆಲಸಕ್ಕೆ ಸೇರಿದಾಗ ಹೆಮ್ಮೆಯೇ ಇತ್ತು. ಜಯಲಕ್ಷ್ಮಿಪುರಂನ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಬಾಗಿಲ ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಹಲ್ಲು ಕಟಕಟ ಅನ್ನುವಷ್ಟು ಏಸಿ. ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂತು ನಾನು ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ವರದಿ ಟೈಪ್ ಮಾಡುತ್ತಿದ್ದೆ. ಆಗ ಅದರಲ್ಲಿ ತಮಾಷೆಯೇನೂ ಕಂಡಿರಲಿಲ್ಲ.

ನಮ್ಮ ಮುಖ್ಯಸ್ಥರು ಮೊದಲ ವಾರವೇ ಕೂರಿಸಿಕೊಂಡು ವಿಷಯ ತಿಳಿಸಿದರು. ಪ್ರಪಂಚದ ಸರ್ಕಾರಗಳೆಲ್ಲ ವರ್ಷವರ್ಷ ಒಂದು ಕಡೆ ಸೇರಿ ಹೊಗೆ ಕಡಿಮೆ ಮಾಡುತ್ತೇವೆಂದು ಮಾತು ಕೊಡುತ್ತವೆ. ಕಡಿಮೆ ಮಾಡಲಾಗದ ದೊಡ್ಡ ಕಂಪನಿಗಳು ಇನ್ನೆಲ್ಲೋ ಯಾರೋ ಉಳಿಸಿದ ಹೊಗೆಯನ್ನು ಕೊಂಡುಕೊಂಡು ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದು. ದೆಹಲಿಯವರೂ ಇಂಥದ್ದೇ ಪೇಟೆಗೆ ನಿಯಮ ಮಾಡುತ್ತಿದ್ದಾರೆ. ಸೌದೆ ಒಲೆ ಉರಿಸುವ ಮನೆಗಳಿಗೆ ನಾವು ಕಡಿಮೆ ಸೌದೆಯ ಹೊಸ ಒಲೆ ಕೊಡುತ್ತೇವೆ, ಅಲ್ಲಿ ಏಳದೇ ಹೋದ ಹೊಗೆಯನ್ನು ಲೆಕ್ಕ ಹಾಕಿ ಕಾಗದ ಮಾಡುತ್ತೇವೆ, ಆ ಕಾಗದ ಹೊರದೇಶದಲ್ಲಿ ಮಾರಾಟವಾಗುತ್ತದೆ. ಕೊಂಡುಕೊಂಡವರು ತಮ್ಮ ಹೊಗೆ ನಿಲ್ಲಿಸುತ್ತಾರಾ ಸರ್ ಅಂತ ಕೇಳಿದೆ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು.

ನನ್ನ ವ್ಯಾಪ್ತಿಗೆ ಬಂದದ್ದು ಕುವೆಂಪುನಗರ ದಾಟಿ ಮುಂದೆ ಹೋದರೆ ಸಿಗುವ, ಊರೊಳಗೆ ಸೇರಿಹೋಗಿಯೂ ಇನ್ನೂ ಹಳ್ಳಿಯಾಗಿಯೇ ಉಳಿದಿರುವ ಒಂದು ಜಾಗ. ಅದರಲ್ಲಿ ನನ್ನ ಅವ್ವನ ಅಕ್ಕನ ಮನೆಯೂ ಸೇರಿತ್ತು. ದೊಡ್ಡವ್ವನ ಮಗ ಆಟೋ ಓಡಿಸುತ್ತಾನೆ, ಸೊಸೆ ಬೆಳಗಾಗುವ ಮೊದಲೇ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಅಡುಗೆಯೆಲ್ಲ ದೊಡ್ಡವ್ವನದೇ. ಕಾಫಿಗೂ ಸಾರಿಗೂ ಗ್ಯಾಸು; ಹಿಟ್ಟಿಗೆ, ಅಂದರೆ ರಾಗಿ ಮುದ್ದೆಗೆ, ಮಣ್ಣಿನ ಒಲೆ. ಅದನ್ನೂ ಗ್ಯಾಸಿನ ಮೇಲಿಟ್ಟರೆ ಸಿಲಿಂಡರು ತಿಂಗಳು ಮುಟ್ಟುವುದಿಲ್ಲ. ಅವಳಿಗೆ ಆಗಲೇ ಕೆಮ್ಮು ಇತ್ತು, ಅಷ್ಟೇನೂ ಜೋರಿರಲಿಲ್ಲ. ಹೊಸ ಒಲೆಯಿಂದ ಎಲ್ಲರಿಗಿಂತ ಹೆಚ್ಚು ಒಳ್ಳೆಯದಾಗುವುದು ಇವಳಿಗೇ ಅಂತ ಪಟ್ಟಿಯಲ್ಲಿ ಮೊದಲ ಹೆಸರು ಅವಳದ್ದೇ ಬರೆದೆ.

ಸಮುದಾಯ ಭವನದಲ್ಲಿ ಒಲೆ ಹಂಚಿದೆವು. ಒಬ್ಬೊಬ್ಬರಿಂದಲೂ ಇಂಗ್ಲಿಷಿನಲ್ಲಿದ್ದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡೆವು. ಇದೇನಮ್ಮ ಅಂತ ಕೇಳಿದವರಿಗೆ ಒಲೆ ತಲುಪಿದ್ದಕ್ಕೆ ರಸೀದಿ ಅಂತ ನಾನೇ ಹೇಳಿದೆ. ರಸೀದಿಯೂ ಹೌದು. ಆದರೆ ಈ ಒಲೆಯಿಂದ ಉಳಿಯುವ ಹೊಗೆಯ ಮೇಲಿನ ಹಕ್ಕನ್ನೆಲ್ಲ ಹತ್ತು ವರ್ಷ ನಮ್ಮ ಸಂಸ್ಥೆಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಮಾತೂ ಅದರಲ್ಲೇ ಕೆಳಗಡೆ ಇತ್ತು. ನಾನು ಓದಿದ್ದೆ. ದೊಡ್ಡವ್ವ ಓದಲಿಲ್ಲ, ಕೇಳಲೂ ಇಲ್ಲ. ಮಗಳು ಎದುರಿಗೆ ನಿಂತಿದ್ದಾಳಲ್ಲ ಅಂತ ಹೆಬ್ಬೆಟ್ಟು ಒತ್ತಿದಳು.

ಶುಕ್ರವಾರ ನೋಡಿ ಒಲೆಗೆ ಅರಿಶಿನ ಕುಂಕುಮ ಇಟ್ಟು ಹಾಲುಕ್ಕಿಸಿದಳು. ಮಾರನೆಯ ದಿನ ಹಿಟ್ಟಿಗೆ ಎಸರಿಟ್ಟಳು. ರಾಗಿ ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಹಿಟ್ಟಿನ ಕೋಲಿನ ಮೇಲೆ ಮೈಭಾರವೆಲ್ಲ ಬಿಟ್ಟು ತೊಳಸಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಕೆಲವರು ಪಾತ್ರೆ ಕೆಳಗಿಳಿಸಿ ತೊಳಸುತ್ತಾರೆ. ದೊಡ್ಡವ್ವ ಒಲೆಯ ಮೇಲೇ ತೊಳಸುವವಳು, ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಮಣ್ಣಿನ ಒಲೆ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಎಷ್ಟು ಅದುಮಿದರೂ ಅಲ್ಲಾಡುವುದಿಲ್ಲ. ಈ ತಗಡಿನ ಒಲೆ ಮೂರು ಗಿಡ್ಡ ಕಾಲಿನ ಮೇಲೆ ನಿಂತದ್ದು. ಎರಡನೆಯ ಸುತ್ತಿಗೇ ವಾಲಿತು. ಕುದಿಯುವ ಹಿಟ್ಟು ಅವಳ ಎಡಗಾಲಿನ ಮೇಲೆ ಬಿತ್ತು.

ನಾನು ಹೋಗಿ ನೋಡಿದಾಗ ಕಾಲಿಗೆ ಪೂರ್ತಿ ಟೂತ್‌ಪೇಸ್ಟ್ ಮೆತ್ತಿಕೊಂಡು ಗೋಡೆಗೊರಗಿ ಕೂತಿದ್ದಳು. ಹಿಟ್ಟು ಹಾಳಾಯಿತಲ್ಲ ಅಂತ ಅವಳಿಗೆ ಬೇಜಾರು. ಕಾಲು ವಾಸಿಯಾಗಲು ತಿಂಗಳೇ ಹಿಡಿಯಿತು. ಅಷ್ಟರಲ್ಲಿ ಹೊಸ ಒಲೆ ಹಿತ್ತಿಲಿಗೆ ಹೋಗಿ, ಅದರೊಳಗೆ ಮಣ್ಣು ತುಂಬಿ, ದೊಡ್ಡಪತ್ರೆಯ ಕಡ್ಡಿಯೊಂದು ಚಿಗುರಿಯೂ ಆಗಿತ್ತು. ಕೆಮ್ಮಿಗೆ ಒಳ್ಳೆಯದು ಅಂತ ಅದರ ಎಲೆ ಕಿತ್ತು ತಿನ್ನುತ್ತಿದ್ದಳು. ಇಡೀ ಯೋಜನೆಯಿಂದ ಅವಳ ಎದೆಗಾದ ಉಪಕಾರ ಅಷ್ಟೇ.

ಒಲೆ ವಾಲುತ್ತದೆ ಸರ್, ಹಿಟ್ಟು ತೊಳಸಲಿಕ್ಕಾಗುವುದಿಲ್ಲ ಅಂತ ಮುಖ್ಯಸ್ಥರಿಗೆ ಹೇಳಿದೆ. ಪ್ರಯೋಗಾಲಯದಲ್ಲಿ ಪಾಸಾಗಿರುವ ಒಲೆ ಅಂದರು. ಅಲ್ಲಿ ಏನು ಬೇಯಿಸಿ ನೋಡಿದರು ಅಂತ ಕೇಳಿದ್ದಕ್ಕೆ ನೀರು ಕಾಯಿಸಿ ಅಂದರು. ನೀರನ್ನು ಯಾರು ತೊಳಸುತ್ತಾರೆ? ಆ ಊರಿನಲ್ಲಿ ದಿನಾ ಹಿಟ್ಟುಣ್ಣದ ಮನೆಯೇ ಇಲ್ಲವೆಂಬುದನ್ನು ಒಬ್ಬರಾದರೂ ಬಂದು ನೋಡಿರಲಿಲ್ಲ. ನನ್ನ ಜನವೇ ಅವರು, ನಾನಾದರೂ ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತು. ಹಸಿರು ಎಲೆಯ ಬೋರ್ಡು ನೋಡಿ ನನ್ನ ಬುದ್ಧಿಗೂ ಮಂಕು ಕವಿದಿತ್ತು.

ಆಮೇಲೆ ಮನೆಮನೆಗೆ ಹೋಗಿ ಫಾರಂ ತುಂಬಿಸುವ ಕೆಲಸ ಬಂತು. ಒಂದು ಮನೆಯಲ್ಲಿ ಒಲೆ ಅಟ್ಟದ ಮೇಲೆ ಪ್ಲಾಸ್ಟಿಕ್ ಕವರ್ ಸಮೇತ ಕೂತಿತ್ತು, ಮಗಳ ಮದುವೆಗೆ ಕೊಡಲು. ಇನ್ನೊಂದು ಮನೆಯಲ್ಲಿ ಅದರ ಮೇಲೆ ನೀರಿನ ಬಿಂದಿಗೆ ಇಟ್ಟಿದ್ದರು. ಫಾರಂನಲ್ಲಿ ದಿನಾ ಬಳಸುತ್ತೇವೆ ಅನ್ನುವುದಕ್ಕೆ ಒಂದು ಚೌಕ, ಆಗಾಗ ಅನ್ನುವುದಕ್ಕೆ ಇನ್ನೊಂದು. ಬಿಂದಿಗೆಯ ಸ್ಟ್ಯಾಂಡು ಅನ್ನುವುದಕ್ಕೆ ಚೌಕವಿರಲಿಲ್ಲ. ಆಗಾಗ ಎಂಬ ಚೌಕ ತುಂಬಿದ ಫಾರಮ್ಮುಗಳನ್ನು ಮುಖ್ಯಸ್ಥರು ಇನ್ನೊಮ್ಮೆ ವಿಚಾರಿಸಿ ಅಂತ ವಾಪಸ್ ಕೊಡುತ್ತಿದ್ದರು. ಎರಡನೆಯ ಸಲ ಹೋಗುವ ಬದಲು ನಾನು ಸ್ಕೂಟರ್ ಮೇಲೆ ಕೂತುಕೊಂಡೇ ದಿನಾ ಎಂಬ ಚೌಕಕ್ಕೆ ಗುರುತು ಹಾಕಿಬಿಡುತ್ತಿದ್ದೆ. ದೊಡ್ಡವ್ವನದಕ್ಕೂ ಹಾಗೇ ಹಾಕಿದೆ.

ಒಂದು ದಿನ ಹೊರದೇಶದಿಂದ ಪರಿಶೀಲನೆಗೆ ಒಬ್ಬರು ಬರುತ್ತಾರೆಂದು ಗೊತ್ತಾಯಿತು. ಯಾವ ಮನೆ ನೋಡಬೇಕೆಂಬುದನ್ನು ಅವರ ಕಂಪ್ಯೂಟರೇ ಆರಿಸುತ್ತದೆ. ಆರಿಸಿದ ಮನೆಗಳಲ್ಲಿ ದೊಡ್ಡವ್ವನದೂ ಬಂತು. ಮುಖ್ಯಸ್ಥರು ನನ್ನನ್ನು ಕರೆದು, ನಿಮ್ಮವರೇ ಅಲ್ವಾ ಮೇಡಂ, ಸ್ವಲ್ಪ ಸಿದ್ಧ ಮಾಡಿ ಅಂದರು. ಏನನ್ನು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಥರದ ಆಫೀಸುಗಳಲ್ಲಿ ಹೊಲಸು ಕೆಲಸವನ್ನು ಬಾಯಿಬಿಟ್ಟು ಹೇಳುವ ರೂಢಿ ಇರುವುದಿಲ್ಲ.

ಹಿಂದಿನ ದಿನ ಮಧ್ಯಾಹ್ನ ಹೋದೆ. ದೊಡ್ಡಪತ್ರೆಯನ್ನು ಬೇರು ಸಮೇತ ಕಿತ್ತು ಒಡೆದ ಬಕೆಟ್ಟಿಗೆ ನೆಟ್ಟೆ. ಒಲೆ ತೊಳೆದು, ಒರೆಸಿ, ಒಳಗೆ ತಂದಿಟ್ಟೆ. ಎಷ್ಟು ತೊಳೆದರೂ ತುಕ್ಕು ಹಿಡಿದ ತಗಡಿನ ಹಾಗೆ ಕಾಣುತ್ತಿತ್ತೇ ಹೊರತು ದಿನಾ ಉರಿದ ಒಲೆಯ ಹಾಗೆ ಕಾಣಲಿಲ್ಲ. ಆಗಲೇ ಬಚ್ಚಲಿಗೆ ಹೋಗಿ ಹಂಡೆಯ ತಳಕ್ಕೆ ಬೆರಳು ಹಾಕಿದ್ದು. ದೊಡ್ಡವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮುಗಿದ ಮೇಲೆ ಕೈ ತೊಳೆಯಲು ಸೀಗೆಪುಡಿ ತಂದುಕೊಟ್ಟಳು.

ಮಾರನೆಯ ದಿನ ಎರಡು ದೊಡ್ಡ ಕಾರು ಬಂದವು. ಒಳಗಿನ ತಂಪು ಹೋಗಬಾರದೆಂದು ಡ್ರೈವರುಗಳು ಇಂಜಿನ್ ಆರಿಸಲೇ ಇಲ್ಲ. ಹೊಗೆ ನಮ್ಮ ಹಿಂದೆಯೇ ಅಡುಗೆಮನೆಯವರೆಗೂ ಬಂತು. ಬಂದವರು ಒಳ್ಳೆಯವರೇ. ಚಪ್ಪಲಿ ಬಿಟ್ಟು ಒಳಗೆ ಬಂದರು, ದೊಡ್ಡವ್ವನಿಗೆ ಕೈಮುಗಿದರು, ಒಲೆಯ ಫೋಟೋ ತೆಗೆದರು. ಇಂಗ್ಲಿಷಿನಲ್ಲಿ ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ದೊಡ್ಡವ್ವನಿಗೆ ಕೇಳಬೇಕು, ಅವಳು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಹೇಳಬೇಕು. ದಿನಾ ಇದರಲ್ಲೇ ಅಡುಗೆಯಾ ಅಂದದ್ದಕ್ಕೆ ಹೂಂ ಅಂದಳು. ಕೊನೆಗೆ ಅವರು, ಈ ಒಲೆ ಬಂದ ಮೇಲೆ ಕೆಮ್ಮು ಕಡಿಮೆಯಾಗಿದೆಯಾ ಅಂತ ಕೇಳಿದರು.

ದೊಡ್ಡವ್ವ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಕಮ್ಮಿಯಾಗೈತೆ ಅಂತ ಯೋಳು ಮಗ. ಇಲ್ದಿದ್ರೆ ನಿನ್ ಕೆಲ್ಸ ಓಯ್ತದೆ."

ನಾನು ಮೊದಲರ್ಧವನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗುತ್ತಾ ಬರೆದುಕೊಂಡರು. ಅವರು ಬರೆಯುತ್ತಿರುವಾಗಲೇ ದೊಡ್ಡವ್ವನಿಗೆ ಕೆಮ್ಮು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ರಸ್ತೆಯ ಧೂಳು ಅಂದೆ. ಅದನ್ನು ಹೇಳಲು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದಾಗಿ ಎರಡು ಮಳೆಗಾಲ ಕಳೆಯಿತು. ಕೆಮ್ಮು ಉಬ್ಬಸವಾಯಿತು. ನೀರಿನ ಬಿಂದಿಗೆ ಎತ್ತಿದರೆ ಏದುಸಿರು, ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಹೊಗೆಯ ಹತ್ತಿರ ಹೋಗಬೇಡಿ ಅಮ್ಮ, ಹೋದರೆ ಔಷಧಿ ಏನೂ ಮಾಡುವುದಿಲ್ಲ ಅಂದರು. ಅದೇ ಹೊತ್ತಿಗೆ ಸೌದೆ ಉರಿಸುವ ಮನೆಗಳ ಅಡುಗೆಮನೆಗೆ ಚಿಮಣಿ ಕಟ್ಟಿಸಿ, ಬಚ್ಚಲಿಗೆ ಸೋಲಾರ್ ಹಾಕಿಸಿಕೊಡುವ ಹೊಸ ಯೋಜನೆಯೊಂದು ಬಂದಿತ್ತು. ಎದೆಯ ಕಾಯಿಲೆಯವರಿಗೆ ಮೊದಲ ಆದ್ಯತೆ. ದೊಡ್ಡವ್ವನ ಎಕ್ಸ್‌ರೇ, ರೇಷನ್ ಕಾರ್ಡು ಎಲ್ಲ ಹಿಡಿದುಕೊಂಡು ಅವಳ ಮಗನೊಡನೆ ಆ ಯೋಜನೆಯ ಕಚೇರಿಗೆ ನಾನೇ ಹೋದೆ.

ಗುಮಾಸ್ತರು ಹೆಸರು ಹೊಡೆದು ನೋಡಿ, ಈ ಮನೆ ಬರುವುದಿಲ್ಲ ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿದರು. ಮಸಿ ಬಳಿದ ಒಲೆಯ ಪಕ್ಕದಲ್ಲಿ ದೊಡ್ಡವ್ವ ನಿಂತಿದ್ದಾಳೆ, ಕೆಳಗೆ ಹೊಗೆಮುಕ್ತ ಮನೆ ಅಂತ ಬರೆದಿದೆ, ಅದರ ಕೆಳಗೆ ನನ್ನ ಸಹಿ. ಒಂದೇ ಮನೆಯ ಹೊಗೆಯನ್ನು ಎರಡು ಯೋಜನೆಯಲ್ಲಿ ಉಳಿಸಿದ ಹಾಗೆ ತೋರಿಸಬಾರದು, ಹಾಗಂತ ನಿಯಮ ಇದೆ ಅಂದರು. ಅವರದೇನೂ ತಪ್ಪಿಲ್ಲ. ಅಣ್ಣ ನನ್ನ ಸಹಿಯನ್ನು ನೋಡಿದ, ನನ್ನನ್ನು ನೋಡಿದ, ಆಟೋ ಸ್ಟಾರ್ಟ್ ಮಾಡಲು ಹೊರಗೆ ಹೋದ.

ಆ ಹೆಸರನ್ನು ಪಟ್ಟಿಯಿಂದ ತೆಗೆಸಿ ಸರ್ ಅಂತ ಮುಖ್ಯಸ್ಥರ ಮುಂದೆ ನಿಂತೆ. ಅವರು ಕಾಫಿ ತರಿಸಿದರು. ತೆಗೆಯಲಿಕ್ಕೆ ಬರುವುದಿಲ್ಲ, ಆ ಮನೆಯ ಹೊಗೆ ಮಾರಿ ಆಗಿದೆ ಅಂದರು. ಯಾರಿಗೆ ಅಂತ ಕೇಳಿದೆ. ಒಂದು ವಿಮಾನ ಕಂಪನಿ ಅಂತ ಕಾಣುತ್ತೆ ಅಂದರು, ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಥೂ ಅನ್ನಿಸಿತು. ಯಾರದೋ ವಿಮಾನ ನಿಶ್ಚಿಂತೆಯಿಂದ ಹಾರಲೆಂದು ನಮ್ಮ ದೊಡ್ಡವ್ವ ಕಾಗದದ ಮೇಲೆ ಕೆಮ್ಮುವುದನ್ನು ನಿಲ್ಲಿಸಿದ್ದಳು. ನಿಲ್ಲಿಸಿದವಳು ನಾನು.

ಅಂದು ಸಂಜೆ ಮನೆಯಲ್ಲಿ ಕೂತು ಎಲ್ಲವನ್ನೂ ಬರೆದೆ. ಒಲೆ ಎರಡು ದಿನ ಬಿಟ್ಟರೆ ಉರಿದಿಲ್ಲ, ಮಸಿ ನಾನು ಬಳಿದದ್ದು, ಕೆಮ್ಮಿನ ಬಗ್ಗೆ ನಾನು ಹೇಳಿದ್ದು ಸುಳ್ಳು, ಇಂಥ ಮನೆಗಳು ಇನ್ನೂ ಇವೆ ಅಂತ. ಪರಿಶೀಲನೆ ಮಾಡಿದ ಸಂಸ್ಥೆಗೂ ನಮ್ಮ ಆಫೀಸಿಗೂ ಕಳಿಸಿದೆ. ಆಫೀಸಿನಿಂದ ರಾಜೀನಾಮೆ ಕೊಡಿ ಅಂತ ಉತ್ತರ ಎರಡೇ ದಿನಕ್ಕೆ ಬಂತು, ಕೊಟ್ಟೆ. ಹೊರದೇಶದ ಉತ್ತರಕ್ಕೆ ನಾಲ್ಕು ತಿಂಗಳಾಯಿತು. ಬಹಳ ಮರ್ಯಾದೆಯ ಪತ್ರ. ನನ್ನ ಪ್ರಾಮಾಣಿಕತೆಗೆ ಧನ್ಯವಾದ ಹೇಳಿ, ಒಂದು ಮನೆಯಲ್ಲಾಗಿರುವ ವ್ಯತ್ಯಾಸ ಲೆಕ್ಕದಲ್ಲಿ ಒಪ್ಪಬಹುದಾದ ತಪ್ಪಿನ ಮಿತಿಯೊಳಗೇ ಇರುವುದರಿಂದ ಪಟ್ಟಿಯನ್ನು ಬದಲಾಯಿಸುವ ಅಗತ್ಯವಿಲ್ಲ ಅಂತ ಬರೆದಿದ್ದರು. ಉಳಿದ ಮನೆಗಳ ಬಗ್ಗೆ ಒಂದಕ್ಷರವಿಲ್ಲ. ನನ್ನ ದೊಡ್ಡವ್ವ ಒಪ್ಪಬಹುದಾದ ತಪ್ಪು.

ಅವಳಿಗೆ ಎಲ್ಲ ಹೇಳಿದೆ. ಹೊಗೆಯನ್ನು ಮಾರಬಹುದು ಅನ್ನುವುದನ್ನೇ ಅವಳು ನಂಬಲಿಲ್ಲ. ನಂಬಿದ ಮೇಲೆ, ಕೊಂಡುಕೊಂಡವರು ಬಂದು ತಗೊಂಡೋಗಬಾರದಾ ಅಂತ ನಗಲು ಹೋಗಿ ಉಬ್ಬಸ ಹತ್ತಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಣ್ಣ ಒಲೆಯ ಮೇಲೆ ತಗಡಿನ ಕೊಳವೆಯೊಂದನ್ನು ಕಟ್ಟಿದ್ದಾನೆ. ಅರ್ಧ ಹೊಗೆ ಆಚೆ ಹೋಗುತ್ತದೆ, ಅರ್ಧ ಒಳಗೇ ಸುತ್ತುತ್ತದೆ. ನಾನೀಗ ಒಂಟಿಕೊಪ್ಪಲಿನ ಒಂದು ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಅಲ್ಲಿಗೆ ಹೋಗುವ ಮೊದಲು ಸ್ಕೂಟರ್ ಹತ್ತಿ ದೊಡ್ಡವ್ವನ ಮನೆಗೆ ಹೋಗಿ ಒಲೆ ಹಚ್ಚಿ, ಮಧ್ಯಾಹ್ನಕ್ಕೂ ಸೇರಿಸಿ ಹಿಟ್ಟು ತೊಳಸಿಟ್ಟು ಬರುತ್ತೇನೆ. ಅಷ್ಟು ಹೊತ್ತೂ ಅವಳು ಜಗಲಿಯಲ್ಲಿ ಕೂತಿರಬೇಕು, ಒಳಗೆ ಬರಬಾರದು ಅಂತ ನನ್ನ ಕಟ್ಟಪ್ಪಣೆ. ಶುರುವಿನಲ್ಲಿ ಹಿಟ್ಟು ಗಂಟಾಗುತ್ತಿತ್ತು, ಈಗ ಕೈ ಕುದುರಿದೆ. ಆ ಆಫೀಸಿನ ಕಾಗದಗಳ ಪ್ರಕಾರ ಆ ಅಡುಗೆಮನೆ ಇನ್ನೂ ಆರು ವರ್ಷ ಹೊಗೆಯಿಲ್ಲದ್ದು.

ಮೊನ್ನೆ ಸೌದೆ ಹಸಿಯಿತ್ತು. ಕಣ್ಣು ಬಿಡಲಾಗದಷ್ಟು ಹೊಗೆ ತುಂಬಿ, ಕೋಲು ಕೈಯಲ್ಲಿ ಹಿಡಿದುಕೊಂಡೇ ಬಾಗಿ ಬಾಗಿ ಕೆಮ್ಮಿದೆ. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಜಗಲಿಯಿಂದ ದೊಡ್ಡವ್ವನ ದನಿ ಬಂತು.

"ಕಮ್ಮಿಯಾಗೈತೆ ಅಂತ ಯೋಳು ಮಗ."