ಚುರುಮುರಿಯ ಮೇಲಿನ ಕೊಸರು

ಆ ಸಂಜೆ ನಾನು ಬಾಯಿಬಿಟ್ಟು ಕೊಸರು ಕೇಳಿದೆನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದ ಹಾಗೆ ನೆನಪಿದೆ. ಆದರೆ ಹುಣಸೂರಿನ ಮಾರ್ಕೆಟ್ಟಿನಲ್ಲಿ ಕೊಸರು ಕೇಳದೆ ನಾನು ಏನನ್ನೂ ಕೊಂಡವಳಲ್ಲ. ಹೂವು ಕೊಂಡರೆ ಮೊಳದ ಮೇಲೆ ನಾಲ್ಕು ಬೆರಳು, ಬದನೆಕಾಯಿ ಕೊಂಡರೆ ತಕ್ಕಡಿ ಇಳಿಸಿದ ಮೇಲೆ ಇನ್ನೊಂದು ಕಾಯಿ. ಮಾರುವವರೂ ಅದನ್ನು ಹಾಕದೆ ಚೀಲ ಕೈಗೆ ಕೊಡುವುದಿಲ್ಲ. ಹಾಗಾಗಿ ನನ್ನ ಕಿವಿಯಲ್ಲಿರುವ ಆ ಮಾತು ಆ ಸಂಜೆಯದೋ, ಅದರ ಹಿಂದಿನ ಯಾವುದೋ ಸಂಜೆಯದೋ ಬಿಡಿಸಿ ನೋಡಲು ಆಗುತ್ತಿಲ್ಲ.

ನಾನು ಊರಿನ ಹಾಲಿನ ಡೇರಿಯಲ್ಲಿ ಬಹಳ ವರ್ಷ ಹಾಲು ಪರೀಕ್ಷೆ ಮಾಡಿದವಳು. ಕಂಡದ್ದಕ್ಕಿಂತ ಒಂದು ಗೆರೆ ಹೆಚ್ಚು ಬರೆದರೂ ಕಡಿಮೆ ಬರೆದರೂ ಯಾರಿಗಾದರೂ ತಟ್ಟುತ್ತದೆ ಎಂದು ಗೊತ್ತು. ಇಲ್ಲಿಯೂ ಹಾಗೆಯೇ ಬರೆಯಲು ನೋಡುತ್ತೇನೆ.

ನನ್ನ ತಮ್ಮನ ಮಗಳು ನಾಗರಹೊಳೆ ರಸ್ತೆಯ ಒಂದು ಹೋಂಸ್ಟೇಯಲ್ಲಿ ಕೆಲಸ ಮಾಡುತ್ತಾಳೆ. ಆಗ ಅದು ಸೀಸನ್ನಿನ ಕೆಲಸ. ಸೀಸನ್ ಮುಗಿದರೆ ಮನೆಗೆ ಬಂದು ಕೂರಬೇಕು. ಸಫಾರಿ ಮುಗಿಸಿ ಬಂದ ಅತಿಥಿಗಳು ಸಂಜೆ ಸುಮ್ಮನೆ ಕೂತಿರುತ್ತಾರೆ, ಅವರನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಬೀದಿಯ ತಿಂಡಿ ತಿನ್ನಿಸಿ ಊರು ತೋರಿಸುತ್ತೇನೆ ಎಂದು ಮಾಲೀಕರಿಗೆ ಅವಳೇ ಹೇಳಿದಳು. ಅವರು, ಒಂದು ಸಲ ಮಾಡಿ ತೋರಿಸು, ಚೆನ್ನಾಗಿ ಆದರೆ ವಾರಕ್ಕೆ ಎರಡು ದಿನ ನಿನಗೇ ಬಿಡುತ್ತೇನೆ, ವರ್ಷವಿಡೀ ಕೆಲಸ ಇರುತ್ತದೆ ಎಂದಿದ್ದರು.

"ನೀನೂ ಬಾ ಅತ್ತೆ," ಎಂದಳು ನನಗೆ. "ನಿಂಗೆ ಎಲ್ರೂ ಗೊತ್ತು. ನೀನಿದ್ರೆ ಅಂಗಡಿಯವ್ರು ಮುಖ ಗಂಟಾಕಲ್ಲ."

"ನಾನ್ ಬಂದು ಏನ್ ಮಾಡ್ಲಿ? ನಂಗೆ ಇಂಗ್ಲಿಷ್ ಬತ್ತದಾ?"

"ಏನೂ ಮಾಡ್ಬೇಡ. ಸುಮ್ನೆ ಜೊತೇಲಿರು. ಒಂದೇ ವಿಷ್ಯ ನೆನಪಿಟ್ಕೊ. ಬರೋರಲ್ಲಿ ಒಬ್ರಿಗೆ ಕಡ್ಲೆಬೀಜ ಆಗಲ್ಲ. ಒಂದೇ ಒಂದು ಬೀಜ ಹೊಟ್ಟೆಗೆ ಹೋದ್ರೆ ಉಸಿರು ಕಟ್ಟತ್ತಂತೆ."

ಕಡಲೆಬೀಜ ತಿಂದು ಉಸಿರು ಕಟ್ಟಿದವರನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಅವಳ ಮಾತನ್ನು ನಂಬಲಿಲ್ಲ ಎಂದಲ್ಲ. ನಂಬಿದೆ, ಆದರೆ ದೂರದ ಊರಿನ ಸುದ್ದಿಯನ್ನು ನಂಬುವ ಹಾಗೆ ನಂಬಿದೆ.

ಅವಳು ಮಧ್ಯಾಹ್ನವೇ ಹೋಗಿ ನಿಲ್ಲಬೇಕಾದ ಎಲ್ಲ ಕಡೆ ಮಾತಾಡಿ ಬಂದಿದ್ದಳು. ಬಜ್ಜಿಯವನ ಎಣ್ಣೆ ಯಾವುದು ಎಂದು ಡಬ್ಬ ತೆಗೆಸಿ ನೋಡಿದ್ದಳು. ಬೀಜ ಹಾಕಬಾರದು ಎಂದು ಚುರುಮುರಿಯವರಿಗೆ ಎರಡೆರಡು ಸಲ ಹೇಳಿದ್ದಳು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಆಮೇಲೆ ಅವಳು ಎಚ್ಚರಿಕೆ ವಹಿಸಲಿಲ್ಲ ಎಂದು ಕೆಲವರು ಅಂದರು. ಅವಳು ಎಚ್ಚರಿಕೆ ವಹಿಸಿದ್ದಳು.

ಅವರೆಕಾಯಿಯ ಕಾಲ. ಐದೂವರೆಗೆ ಜೀಪು ಲಕ್ಷ್ಮಣತೀರ್ಥದ ಸೇತುವೆ ದಾಟಿ ಬಂದು ನಿಂತಿತು. ಪುಣೆಯ ಕಡೆಯ ಮೂವರು ಇಳಿದರು. ಗಂಡ, ಹೆಂಡತಿ, ಗಂಡನ ಅಕ್ಕ. ಕಡಲೆಬೀಜ ಆಗದವರು ಆ ಅಕ್ಕ. ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಕೂದಲು ಗಿಡ್ಡವಾಗಿ ಕತ್ತರಿಸಿತ್ತು, ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈಮುಗಿದರು.

ಮಾರ್ಕೆಟ್ಟಿನಲ್ಲಿ ಎಲ್ಲಿ ನಿಲ್ಲಬೇಕೆಂದೇ ನನಗೆ ತಿಳಿಯಲಿಲ್ಲ. ಅತಿಥಿಗಳ ಜೊತೆ ನಿಂತರೆ ದಿನಾ ಕಾಣುವ ಸೊಪ್ಪಿನ ಗುಡ್ಡೆಯನ್ನು ಹೊಸದಾಗಿ ನೋಡಿದ ಹಾಗೆ ನಟಿಸಬೇಕು. ಅಂಗಡಿಯವರ ಪಕ್ಕಕ್ಕೆ ಹೋದರೆ ತಮ್ಮನ ಮಗಳು ಕಣ್ಣಿನಲ್ಲೇ ಕರೆಯುತ್ತಾಳೆ. ಹೂವಿನವಳು ಮಾರು ಅಳೆಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಏನಕ್ಕ, ಊರು ನೋಡಕ್ಕೆ ಬಂದ್ಯಾ? ಯಾವೂರಾಯ್ತು?"

"ಸುಮ್ನಿರೇ."

"ಫೋಟೋ ತಗೀಲಾ ನಿಂದೂ?"

ಪಕ್ಕದ ವೀಳ್ಯದೆಲೆಯವನು ನಕ್ಕ. ನನಗೂ ನಗು ಬಂತು, ಆದರೆ ಅತಿಥಿಗಳ ಎದುರು ನಗಬಹುದೋ ಬಾರದೋ ಗೊತ್ತಾಗದೆ ಸೆರಗು ಸರಿಮಾಡಿಕೊಂಡೆ.

ತಮ್ಮನ ಮಗಳು ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿಯಲ್ಲಿ ಹೇಳುತ್ತಾ ಹೋದಳು. ಅವರೆಕಾಯಿಯ ಸೊಗಡು ಎಂದರೇನು ಎಂದು ಹೇಳಬೇಕಾದಾಗ ಅವಳ ಮಾತು ನಿಂತುಹೋಯಿತು. ನಾನು ಒಂದು ಕಾಯಿ ತೆಗೆದು ಆ ಅಕ್ಕನ ಅಂಗೈ ಮೇಲೆ ಹಿಸುಕಿದೆ. ಅವರು ಅಂಗೈ ಮೂಸಿ ನೋಡಿದರು, ಮುಖ ಕಿವುಚಿದರು, ಮತ್ತೆ ಮೂಸಿದರು, ಆಮೇಲೆ ನಕ್ಕರು. ಆ ಹೊತ್ತಿಗೆ ಎಲ್ಲ ಸರಿಯಾಗಿಯೇ ಇತ್ತು. ತಮ್ಮನ ಮಗಳ ಮುಖ ಅರಳಿತ್ತು. ಕೆಲಸ ಸಿಕ್ಕಿತು ಎಂದೇ ನಾನು ಅಂದುಕೊಂಡೆ.

ಚುರುಮುರಿ ಗಾಡಿ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ. ಗಾಡಿಯವರು ಅರವತ್ತರ ಆಸುಪಾಸಿನವರು, ನಾನು ಅಣ್ಣ ಎನ್ನುತ್ತೇನೆ. ಅವರು ನಮ್ಮೆಲ್ಲರ ಎದುರಿಗೇ ಪಾತ್ರೆ, ಸೌಟು ತೊಳೆದರು. ಬೇರೆ ಚೀಲದ ಪುರಿ ತೆಗೆದರು. ಖಾರದ ಕಡಲೆಬೀಜದ ಡಬ್ಬಕ್ಕೆ ಮುಚ್ಚಳ ಹಾಕಿ ಎಡಗಡೆಗೆ ಸರಿಸಿದರು. ಕ್ಯಾರೆಟ್ ತುರಿ, ಈರುಳ್ಳಿ, ಟೊಮೆಟೊ, ನಿಂಬೆಹಣ್ಣು ಹಾಕಿ ಕಲಸಿ, ಮೊದಲ ಪೊಟ್ಟಣವನ್ನು ಆ ಅಕ್ಕನಿಗೆಂದು ತಮ್ಮನ ಮಗಳ ಕೈಗೆ ಕೊಟ್ಟರು. ಅವಳು ಒಳಗೆ ಇಣುಕಿ ನೋಡಿ ಅವರಿಗೆ ಕೊಟ್ಟಳು. ಅವರು ಎರಡು ಮೂರು ಬಾಯಿ ತಿಂದು ತಲೆಯಾಡಿಸಿದರು. ಆಮೇಲೆ ಉಳಿದ ಇಬ್ಬರಿಗೆ, ಕೊನೆಯಲ್ಲಿ ನನಗೆ. ಅವೂ ಅದೇ ಪಾತ್ರೆಯಲ್ಲಿ ಬೀಜವಿಲ್ಲದೆ ಕಲಸಿದವು.

ಅಷ್ಟರಲ್ಲಿ ತಮ್ಮನ ಮಗಳಿಗೆ ಫೋನು ಬಂತು. ಡ್ರೈವರ್, ಜೀಪು ಎಲ್ಲಿ ನಿಲ್ಲಿಸಲಿ ಎಂದು ಕೇಳುತ್ತಿದ್ದ. ಗದ್ದಲಕ್ಕೆ ಕೇಳಿಸದೆ ಅವಳು ಒಂದು ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಆಗ ನಾನು, ಕೊಸರು ಆಕಣ್ಣ, ಎಂದೆನೋ ಏನೋ. ಗಾಡಿಯವರ ಬಲಗೈ ಡಬ್ಬಕ್ಕೆ ಹೋಯಿತು. ಮುಚ್ಚಳ ತೆಗೆದದ್ದು ಕಂಡೆ. ಮೂರು ಬೆರಳಿನಲ್ಲಿ ಬೀಜ ತೆಗೆದು ನನ್ನ ಪೊಟ್ಟಣದ ಮೇಲೆ ಹಾಕಿದರು. ಆಮೇಲೆ ಹೆಂಡತಿಯದರ ಮೇಲೆ, ಗಂಡನದರ ಮೇಲೆ, ಆ ಅಕ್ಕನದರ ಮೇಲೆ. ನಾಲ್ಕು ಜನ ಒಟ್ಟಿಗೆ ನಿಂತಿರುವಾಗ ಒಬ್ಬರಿಗೆ ಕೊಸರು ಹಾಕಿ ಉಳಿದವರನ್ನು ಬಿಡುವುದು ನಮ್ಮ ಕಡೆ ಇಲ್ಲ.

"ನಮ್ಮೂರಿಗೆ ಬಂದವ್ರೆ, ಬರಿಗೈಲಿ ಕಳ್ಸಕ್ಕಾಯ್ತದಾ," ಎಂದರು.

ಕತ್ತಲಾಗುತ್ತಿತ್ತು. ಬಲ್ಬಿನ ಬೆಳಕು ಆ ಅಕ್ಕನ ಬೆನ್ನಿಗೆ ಬೀಳುತ್ತಿತ್ತು. ಅವರು ಹಿಂದಕ್ಕೆ ಬರುತ್ತಿದ್ದ ಮಡಿಕೇರಿ ಬಸ್ಸನ್ನು ನೋಡುತ್ತಾ ಕೈಗೆ ಬಂದಷ್ಟು ಬಾಯಿಗೆ ಹಾಕಿಕೊಂಡರು. ನನಗೆ ಚೆನ್ನಾಗಿ ಕಾಣುತ್ತಿತ್ತು. ಬಿಳಿ ಪುರಿಯ ಮೇಲೆ ಕೆಂಪು ಬೀಜಗಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಸಂತೋಷ. ನಮ್ಮ ಊರು ಅವರನ್ನು ಚೆನ್ನಾಗಿ ನೋಡಿಕೊಂಡಿತು ಎಂಬ ಸಂತೋಷ.

ಸ್ವಲ್ಪ ಹೊತ್ತಿಗೆ ಅವರು ತುಟಿ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಕೆಮ್ಮಿದರು. ಖಾರ ಹತ್ತಿತು ಎಂದುಕೊಂಡು ನಾನು ನೀರಿನ ಬಾಟಲಿ ಚಾಚಿದೆ. ಅವರು ತೆಗೆದುಕೊಳ್ಳದೆ ಪಕ್ಕದಲ್ಲಿದ್ದ ತಮ್ಮನ ತೋಳು ಹಿಡಿದುಕೊಂಡರು. ಕೆನ್ನೆ, ಕುತ್ತಿಗೆಯ ಮೇಲೆ ಗಂಧೆ ಎದ್ದಿತ್ತು. ಆತ ಅಕ್ಕನ ಬ್ಯಾಗಿನಿಂದ ದಪ್ಪ ಪೆನ್ನಿನಂಥ ಒಂದು ಇಂಜೆಕ್ಷನ್ ತೆಗೆದು ಬಟ್ಟೆಯ ಮೇಲಿಂದಲೇ ತೊಡೆಗೆ ಚುಚ್ಚಿದರು. ತಮ್ಮನ ಮಗಳು ಓಡಿ ಜೀಪು ತಂದಳು. ಅವರನ್ನು ಎತ್ತಿ ಕೂರಿಸುವಾಗ ಒಂದು ಚಪ್ಪಲಿ ಗಾಡಿಯ ಹತ್ತಿರ ಬಿತ್ತು. ನಾನು ಅದನ್ನು ಹಿಡಿದುಕೊಂಡು ಹಿಂದೆ ಹತ್ತಿದೆ.

ಆಸ್ಪತ್ರೆ ಹತ್ತಿರವೇ ಇತ್ತು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ತಮ್ಮನ ಮಗಳು ನನ್ನ ಕೈಯಲ್ಲಿದ್ದ ಚಪ್ಪಲಿ ತೆಗೆದು ಬೆಂಚಿನ ಕೆಳಗೆ ಇಟ್ಟಳು.

"ನಾನೇ ಕೈಯಾರ ಕೊಟ್ಟೆ ಅತ್ತೆ. ಅವ್ರು ಬೀಜ ಹಾಕ್ಲಿಲ್ಲ, ನೋಡ್ತಾನೇ ಇದ್ದೆ. ಮತ್ತೆ ಎಲ್ಲಿಂದ ಬಂತು?"

"ಗೊತ್ತಿಲ್ಲ ಕಣವ್ವ," ಎಂದೆ.

ಅದು ಸುಳ್ಳೇ ಎಂದು ಕೇಳಿದರೆ ಉತ್ತರ ಕಷ್ಟ. ಡಬ್ಬಕ್ಕೆ ಹೋದ ಕೈಯನ್ನು ನಾನು ಕಂಡಿದ್ದೆ. ಒಳಗೆ ಮಲಗಿದ್ದವರನ್ನೂ ಕಂಡಿದ್ದೆ. ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆಯಾಗಿಯೇ ಕೂತಿದ್ದವು. ಅವರು ತಿಂದದ್ದರ ಲೆಕ್ಕಕ್ಕೆ ಕೊಸರನ್ನು ನಾನು ಸೇರಿಸಿರಲಿಲ್ಲ. ಡಾಕ್ಟರು ಹೊರಗೆ ಬಂದು, ಇನ್ನು ಭಯವಿಲ್ಲ, ಬೆಳಗಿನವರೆಗೆ ಇಲ್ಲೇ ಇರಲಿ ಎಂದಾಗ ತಮ್ಮನ ಮಗಳು ಅಳತೊಡಗಿದಳು. ಆಗ ಅವೆರಡೂ ಒಂದಕ್ಕೊಂದು ಕೂಡಿಕೊಂಡವು. ಆದರೆ ಅವಳಿಗೆ ಹೇಳುವ ಮೊದಲೇ ಮಾಲೀಕರು ಬಂದಿದ್ದರು.

ಅವರು ಕೂಗಾಡಲಿಲ್ಲ. "ಹೆಂಗಾಯ್ತು ಅಂತ ಗೊತ್ತಾಗೋವರ್ಗೂ ಮಾರ್ಕೆಟ್ ವಿಷ್ಯ ಎತ್ಬೇಡ," ಎಂದು ಅವಳಿಗೆ ಹೇಳಿ ನನ್ನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಇದ್ರಂತೆ. ನೋಡಿದ್ದನ್ನ ಒಂದು ಹಾಳೇಲಿ ಬರ್ಕೊಡಿ ಅಮ್ಮ. ಇವಳ ತಪ್ಪಾ, ಗಾಡಿಯವರ ತಪ್ಪಾ, ನಂಗೆ ತಿಳೀಬೇಕು."

ಬರೆಯುವ ಮೊದಲು ಗಾಡಿಯವರನ್ನು ಕೇಳಬೇಕೆನಿಸಿತು. ಮರುದಿನ ನಾಲ್ಕು ಗಂಟೆಗೆ ಅವರು ಗಾಡಿ ತರುವ ಹೊತ್ತಿಗೆ ಹೋಗಿ ನಿಂತೆ.

"ಆ ಯಮ್ಮ ಎಂಗವ್ರೆ?" ಎಂದು ಅವರೇ ಮೊದಲು ಕೇಳಿದರು.

"ಉಸಾರಾಗವ್ರೆ. ಬೆಳಿಗ್ಗೆನೇ ಕಳ್ಸುದ್ರು."

"ನಾನು ಬೀಜ ಆಕ್ನಿಲ್ಲ ಕಣವ್ವ. ಪಾತ್ರೆ ತೊಳ್ದು ಮಾಡ್ಕೊಟ್ಟೆ. ನೀನೇ ನೋಡ್ದಲ್ಲ. ಯಾವ ದೇವ್ರ ಮುಂದೆ ಬೇಕಾದ್ರೂ ಏಳ್ತೀನಿ."

"ಕಲಸುವಾಗ ಆಕ್ನಿಲ್ಲ ಅಣ್ಣ. ಆಮೇಲೆ?"

"ಆಮೇಲೆ ಏನು?"

"ಕೊಸರು."

"ಅದು ಕೊಸರಲ್ವಾ," ಎಂದರು. ತಪ್ಪಿಸಿಕೊಳ್ಳಲು ಅಂದದ್ದಲ್ಲ. ಮಾರಿದ್ದು ಬೇರೆ, ಪ್ರೀತಿಗೆ ಕೊಟ್ಟದ್ದು ಬೇರೆ ಎಂದು ಅವರಿಗೂ ನನ್ನ ಹಾಗೆಯೇ ಇತ್ತು. ಆಮೇಲೆ ಗಾಡಿಯ ಅಂಚು ಹಿಡಿದು ಕೆಳಗೆ ಕೂತರು.

"ನಾನು ಕೇಳುದ್ನಾ ಅಣ್ಣ, ನಿನ್ನೆ?"

"ಕೇಳ್ದೆ ಅಂತ ಕಾಣ್ತದೆ. ಏನೋ ಗೊತ್ತಿಲ್ಲ ಕಣವ್ವ. ನೀನು ಯಾವತ್ತು ಕೇಳ್ದೆ ಬುಟ್ಟಿದ್ದೀಯ?"

ನನಗೊಂದು ಪೊಟ್ಟಣ ಮಾಡಿಕೊಡಿ ಎಂದೆ. ಅವರು ಎದ್ದು ಕಲಸಿದರು, ಪೊಟ್ಟಣಕ್ಕೆ ಸುರಿದರು. ನಾನು ತುಟಿ ಬಿಗಿಹಿಡಿದು ನಿಂತಿದ್ದೆ. ನಾನು ಏನೂ ಹೇಳಲಿಲ್ಲ, ಇದು ಮಾತ್ರ ನನಗೆ ಖಚಿತ. ಅವರ ಕೈ ಡಬ್ಬಕ್ಕೆ ಹೋಗಿ ಮೂರು ಬೆರಳು ಬೀಜ ತೆಗೆದು ಮೇಲೆ ಹಾಕಿತು. ಆಮೇಲೆ ಅವರೂ ನಾನೂ ಆ ಕೈಯನ್ನೇ ನೋಡಿದೆವು.

"ತತ್, ನೋಡಿದ್ಯಾ," ಎಂದರು ಮೆಲ್ಲಗೆ.

ಇದರಿಂದ ನನಗೆ ಸಮಾಧಾನ ಆಗಬೇಕಿತ್ತೋ ಏನೋ. ನಾನು ಕೇಳದೆಯೂ ಅವರು ಹಾಕುತ್ತಿದ್ದರು. ಆದರೆ ಕೇಳಿದ್ದರೆ? ಕೇಳಿದೆ ಎಂದು ಬರೆದರೆ ಇಬ್ಬರೂ ಉಳಿಯುತ್ತಾರೆ, ಹುಡುಗಿಯೂ ಗಾಡಿಯವರೂ. ಆದರೆ ಅದು ನನಗೆ ಗೊತ್ತಿರುವುದಲ್ಲ. ಕೇಳಲಿಲ್ಲ ಎಂದು ಬರೆದರೆ ತಪ್ಪೆಲ್ಲ ಅವರ ತಲೆಗೆ ಹೋಗುತ್ತದೆ, ಅದೂ ಗೊತ್ತಿರುವುದಲ್ಲ. ಮನೆಗೆ ಹೋಗಿ ಮೂರು ಹಾಳೆ ಹರಿದೆ. ಕೊನೆಗೆ, ಕೇಳಿದೆನೋ ಇಲ್ಲವೋ ನೆನಪಿಲ್ಲ ಎಂದೇ ಬರೆದು ಅದರ ಕೆಳಗೆ ಗೊತ್ತಿರುವುದನ್ನು ಬರೆದೆ.

ಅದರ ಮರುದಿನ ಬೆಳಿಗ್ಗೆ ಹೋಂಸ್ಟೇಯ ಜಗಲಿಯಲ್ಲಿ ಮಾಲೀಕರು ಹಾಳೆ ಓದಿದರು. ಪುಣೆಯವರು ಹೊರಡಲು ಸಾಮಾನು ಇಟ್ಟುಕೊಂಡು ಅಲ್ಲೇ ಕೂತಿದ್ದರು. ಆ ಅಕ್ಕನ ಕಣ್ಣಿನ ಕೆಳಗೆ ಇನ್ನೂ ಊತ ಇತ್ತು.

"ಏನಮ್ಮ ಇದು? ಕೇಳಿದ್ರಾ, ಇಲ್ವಾ?"

"ಅದು ಗೊತ್ತಿಲ್ಲ ಸಾರ್. ಕೆಳಗಿಂದು ಗೊತ್ತು."

ಅವರು ಕೆಳಗಿನದನ್ನು ಜೋರಾಗಿ ಓದಿದರು. ಆ ಅತಿಥಿಯ ಪೊಟ್ಟಣದ ಮೇಲೆ ಬೀಜ ಬಿದ್ದದ್ದನ್ನು ನಾನು ನೋಡಿದೆ. ಅವರಿಗೆ ಅದು ಆಗದು ಎಂದು ನನಗೆ ಮೊದಲೇ ಹೇಳಿದ್ದರು. ನಾನು ತಡೆಯಲಿಲ್ಲ. ಹುಡುಗಿ ಆಗ ಫೋನಿನಲ್ಲಿ ಮಾತಾಡುತ್ತಾ ಗೋಡೆಯ ಕಡೆ ತಿರುಗಿದ್ದಳು, ಅವಳಿಗೆ ಕಾಣಲಿಲ್ಲ.

"ಯಾಕೆ ತಡೀಲಿಲ್ಲ?"

"ಮರ್ಯಾದೆ ಮಾಡ್ತಾವ್ರೆ ಅಂದ್ಕೊಂಡೆ."

ಆ ಅಕ್ಕ ಏನೆಂದು ಕೇಳಿದರು. ತಮ್ಮನ ಮಗಳು ಹಾಳೆ ಇಸಿದುಕೊಂಡು ಹಿಂದಿಯಲ್ಲಿ ಹೇಳಿದಳು. ಕೊಸರು ಎಂಬಲ್ಲಿ ತಡವರಿಸಿದಳು, ಮೂರು ಬೆರಳು ಕೂಡಿಸಿ ತೋರಿಸಿದಳು. ಆ ಅಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. ಕೋಪವೋ ಕನಿಕರವೋ ನನಗೆ ಓದಲು ಬರಲಿಲ್ಲ. ಆಮೇಲೆ ಮಾಲೀಕರಿಗೆ ಏನೋ ಹೇಳಿದರು. ಅದರಲ್ಲಿ ನನಗೆ ಅರ್ಥವಾದದ್ದು ಹುಡುಗಿ ಎಂಬುದೊಂದೇ.

ಮಾಲೀಕರು ಹಾಳೆ ಮಡಿಸಿದರು. "ಬರೋ ವಾರದಿಂದ ನೀನೇ ನಡ್ಸು," ಎಂದರು ಅವಳಿಗೆ. "ಬೀಜದ ಡಬ್ಬ ಇರೋ ಕಡೆ ನಿಲ್ಲೋದೇ ಬೇಡ. ತಿಂದು ಮುಗಿಸೋವರ್ಗೂ ಫೋನು ಎತ್ಬೇಡ. ಮತ್ತೆ, ಅತ್ತೇನ ಕರ್ಕೊಂಡು ಹೋಗ್ಬೇಡ."

ಅವಳು ಆಯ್ತು ಸಾರ್ ಎಂದಳು. ನನ್ನ ಕಡೆ ನೋಡಲಿಲ್ಲ.

ಬಸ್ಸಿಗೆ ನಿಲ್ಲಲು ರಸ್ತೆಗೆ ಬರುವಾಗ ಹಿಂದೆಯೇ ಬಂದಳು. ಗೇಟಿನ ಹತ್ತಿರ ಕೇಳಿದಳು. "ಆಸ್ಪತ್ರೇಲಿ ಕೇಳ್ದಾಗ ಗೊತ್ತಿಲ್ಲ ಅಂದ್ಯಲ್ಲ ಅತ್ತೆ. ಎರಡು ದಿನ ನಂದೇ ತಪ್ಪು ಅಂದ್ಕೊಂಡು ಅನ್ನ ತಿಂದಿಲ್ಲ ನಾನು."

ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳಲು ನೋಡಿದೆ. ಕೈ ಕಂಡದ್ದು, ಅವರು ಮಲಗಿದ್ದು, ಎರಡೂ ಕೂಡದೆ ಇದ್ದದ್ದು. ಹೇಳುತ್ತಾ ಹೋದಂತೆ ನನಗೇ ಅದು ಕಟ್ಟಿದ ಮಾತಿನಂತೆ ಕೇಳಿಸಿತು.

"ಬುಡತ್ತೆ," ಎಂದಳು.

ಹುಣಸೂರಿನ ಬಸ್ಸು ತಡವಾಯಿತು. ಅವಳು ಒಳಗೆ ಹೋಗಲಿಲ್ಲ. ಬಸ್ಸು ಬರುವವರೆಗೆ ನನ್ನಿಂದ ಎರಡು ಹೆಜ್ಜೆ ಆಚೆಗೆ ನಿಂತೇ ಇದ್ದಳು.