ದಾರ ಕಚ್ಚದ ಟೈಲರ್

ಸಭೆಯೊಂದರಲ್ಲಿ ಭಾಷಣ ಮುಗಿಸಿ ಕೂರಲು ಬಗ್ಗಿದಾಗ ನನ್ನ ಪ್ಯಾಂಟಿನ ಹಿಂಭಾಗ ಪರ್ರೆಂದು ಹರಿಯಿತು. ಭಾಷಣಕ್ಕೆ ಬಾರದ ಚಪ್ಪಾಳೆ ಆಗ ಬಂತು. ಫೈಲನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಪರಿಚಯದ ಟೈಲರ್ ಅಂಗಡಿಗೆ ಓಡಿದೆ.

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮಾತು ಕಮ್ಮಿ. ನಾನು ಪ್ಯಾಂಟ್ ಬಿಚ್ಚಿಕೊಟ್ಟು, ಪರದೆಯ ಹಿಂದೆ ಯಾರದೋ ಹೊಲಿಯದ ಬಟ್ಟೆ ಸುತ್ತಿಕೊಂಡು ಇಣುಕುತ್ತ ನಿಂತೆ. ಹೊಲಿಗೆ ಮುಗಿಸಿದವರು ದಾರ ತುಂಡರಿಸಲು ಕತ್ತರಿ ಹುಡುಕತೊಡಗಿದರು. ಜೀವಮಾನವಿಡೀ ಹಲ್ಲಿನಲ್ಲೇ ದಾರ ಕಡಿದ ಮನುಷ್ಯ!

"ಏನಣ್ಣ, ಹಲ್ಲಿಗೆ ರಜಾ ಕೊಟ್ರಾ?"

ಅವರು ಬಾಗಿಲು ಅರ್ಧ ಎಳೆದು ಬಂದರು. "ನಿಮ್ಮ ಮಾನ ಈಗ ನನ್ನ ಕೈಲಿದೆ ಸಾರ್. ನನ್ನದೂ ನಿಮ್ಮ ಕೈಲಿರ್ಲಿ."

ಒಂಟಿತನ ತಡೆಯಲಾರದೆ ಒಬ್ಬ ಹೆಂಗಸಿನ ಹತ್ತಿರ ಒಮ್ಮೆ ಹೋಗಿದ್ದರಂತೆ. ಕಾಂಡೋಮ್ ಬಳಸಿದ್ದರು. ಅದು ಹರಿದಿರಲಿಲ್ಲ, ಜಾರಿಯೂ ಇರಲಿಲ್ಲ. ಆದರೂ ಎಚ್‌ಐವಿ ಭಯ ಹೊಕ್ಕಿತು.

"ಬಟ್ಟೆ ನೋಡೋ ಹಾಗೆ ಬೆಳಕಿಗೆ ಹಿಡಿದು ನೋಡ್ದೆ ಸಾರ್. ಆದ್ರೆ ಈಗೀಗ ಸೂಜಿ ಕಣ್ಣೇ ನನಗೆ ಕಾಣಲ್ವಲ್ಲ."

ಎಂಜಲು ಗಿರಾಕಿಗಳಿಗೆ ತಾಗೀತೆಂದು ದಾರ ಕಚ್ಚುವುದು ಬಿಟ್ಟರು. ತಮ್ಮ ತಟ್ಟೆ, ಲೋಟ ಬೇರೆ ಮಾಡಿಕೊಂಡರು. ಮಗಳು ಮೊದಲ ಸಲ ಕೂಸನ್ನು ತಂದು ಮಡಿಲಿಗೆ ಇಡಬಂದಾಗ ಎದ್ದು ಗೋಡೆಗೆ ಒರಗಿ ನಿಂತರು.

"ಹೆಣ್ಣು ಅಂತ ಬೇಡ್ವಾಪ್ಪ?" ಎಂದಳಂತೆ. ನಿಜ ಹೇಳಲು ಬಾಯಿ ಬರಲಿಲ್ಲ. ಅವಳು ಬಿಚ್ಚದ ಚೀಲವನ್ನು ಹಾಗೇ ಎತ್ತಿಕೊಂಡು ಹೋದಳು. ಆಮೇಲೆ ಫೋನ್ ಎತ್ತಿಲ್ಲ.

"ಟೆಸ್ಟ್ ಮಾಡಿಸ್ಲಿಲ್ವಾ?"

"ಮಾಡಿಸ್ದೆ. ಡಾಕ್ಟ್ರು ಹೇಳಿದಷ್ಟು ಕಾಲ ಕಾದು ಇನ್ನೊಂದ್ಸಲಾನೂ ಮಾಡಿಸ್ದೆ. ಏನೂ ಇಲ್ವಂತೆ. ಇದ್ದಿದ್ರೂ ಎಂಜಲಿಂದಾಗ್ಲಿ, ಮಗು ಎತ್ಕೊಂಡ್ರಾಗ್ಲಿ ಹರಡಲ್ವಂತೆ. ಮೊದಲೇ ಬಂದು ಕೇಳೋಕೇನಾಗಿತ್ತು ಅಂತ ಬೈದ್ರು."

"ಮತ್ತೆ ಈ ಕತ್ತರಿ?"

"ತಲೆಗೆ ಅರ್ಥವಾಯ್ತು ಸಾರ್. ಬಾಯಿಗಿನ್ನೂ ಧೈರ್ಯ ಬಂದಿಲ್ಲ."

ಮೆಷಿನ್ನಿನ ಮೇಲಿನ ಮೊಳೆಗೆ ಒಂದು ಪುಟ್ಟ ಫ್ರಾಕ್ ನೇತಾಡುತ್ತಿತ್ತು. ಮಗುವನ್ನು ಮುಟ್ಟದೆ, ಅಂದಾಜಿನ ಮೇಲೆ ಹೊಲಿದದ್ದು. ಇಷ್ಟರಲ್ಲಿ ಅದು ಮಗುವಿಗೆ ಚಿಕ್ಕದಾಗಿರಬೇಕು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಕಂಡು, "ನಾಳೆ ನಾನೇ ಅವಳ ಮನೆಗೆ ಹೋಗ್ತೀನಿ" ಎಂದರು.

ತಮಾಷೆ ಮಾಡಿ ಹೊಟ್ಟೆ ಹೊರೆಯುವ ನಾನು ತಮಾಷೆ ಬಿಟ್ಟು, "ಮಗಳು ಬಾಗಿಲು ತೆಗೆದ್ರೆ ಏನಂತ ಹೇಳ್ತೀರಿ?" ಎಂದೆ.

ಪ್ಯಾಂಟನ್ನು ಪರದೆಯ ಸಂದಿಯಿಂದ ನನ್ನ ಕೈಗಿಟ್ಟರು.

"ಅವತ್ತು ಕೆಮ್ಮಿತ್ತು, ಕೂಸಿಗೆ ತಾಗೀತು ಅಂತ ಎತ್ಕೊಳ್ಲಿಲ್ಲ ಅಂತೀನಿ. ಅದು ಅಪ್ಪಂದಿರಿಗೆ ಬರಬಹುದಾದ ಕಾಯಿಲೆ."